ಕೆಂಚಮ್ಮಾಳ್ ಟ್ರೇಡರ್ಸ್‌ಗೆ ಎಂಟು ಕಾಲ್

ಮೊದಲ ಎರಡು ದಿನ ನಾನು ಫೋನ್ ಮಾಡಿದ್ದು ನನಗೇ.

ಸುಳ್ಳಲ್ಲ. ಆಫೀಸಿನ ಫೋನಿನಿಂದ, ಬ್ಯಾಗಿನೊಳಗೆ ಸೈಲೆಂಟ್ ಆಗಿದ್ದ ನನ್ನ ಮೊಬೈಲಿಗೇ ಕಾಲ್ ಹಾಕಿ, ಯಾರೂ ಎತ್ತದ ರಿಂಗಿಗೆ ನಗುನಗುತ್ತಾ "ವಣಕ್ಕಂ ಸಾರ್, ತೇನಿಯಿಂದ ತಮಿಳರಸಿ ಮಾತಾಡ್ತಿದ್ದೀನಿ" ಎನ್ನುತ್ತಿದ್ದೆ. ನೋಡಿದವರು, ಅಬ್ಬಾ ಈ ಹುಡುಗಿಗೆ ಎಷ್ಟು ಧೈರ್ಯ ಅಂದುಕೊಳ್ಳಬೇಕು. ಒಳಗೆ ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡಿತ್ತು.

ಮೂರನೆಯ ದಿನ ಕಲೈಸೆಲ್ವಿ ಮೇಡಂ ಹಿಡಿದುಹಾಕಿದರು. ಅವರು ಕಾಲಿಂಗ್ ಟೀಮಿನ ಹೆಡ್. ಟೀಮು ಅಂದರೆ ಅವರು, ನಾನು, ಎರಡು ಫೋನು. ತೇನಿಯ ಪೆರಿಯಕುಳಂ ರಸ್ತೆಯಲ್ಲಿ ಒಂದು ಬೇಕರಿಯ ಮೇಲೆ ನಮ್ಮ ಆಫೀಸು. ತರಕಾರಿ, ಹಣ್ಣು ಕೆಡದಂತೆ ಇಡುವ ಸಣ್ಣ ಕೋಲ್ಡ್ ರೂಮ್ ಮಾರುವ ಕಂಪನಿ. ಮಾರುವುದು ನನ್ನ ಕೆಲಸವಲ್ಲ. ಗುರುತು ಪರಿಚಯ ಇಲ್ಲದ ಕಂಪನಿಗೆ ಫೋನ್ ಮಾಡಿ, ಮಾಲೀಕರನ್ನೇ ಹಿಡಿದು, ನಮ್ಮ ಇಂಜಿನಿಯರ್ ಬಂದು ಕಾಣುವುದಕ್ಕೆ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿಕೊಡುವುದಷ್ಟೇ ಕೆಲಸ. ಮೀಟಿಂಗ್ ಗೊತ್ತಾದ ಕ್ಷಣದಿಂದ ಆ ಕಂಪನಿ ಇಂಜಿನಿಯರ್ ಮನೋಜ್‌ಕುಮಾರ್ ಪಾಲು. ನಾನು ಮತ್ತೆ ಆ ನಂಬರಿಗೆ ಕರೆಯುವ ಹಾಗಿಲ್ಲ.

"ಎದ್ದು ನಿಂತು ಮಾತಾಡು, ಕೂತರೆ ದನಿ ಕುಗ್ಗುತ್ತೆ," ಎಂದರು ಮೇಡಂ ತಮಿಳಿನಲ್ಲಿ. "ಬಿಡುವಾಗಿದ್ದೀರಾ ಅಂತ ಕೇಳಬೇಡ, ಇಲ್ಲ ಅಂತಾರೆ. ತೊಂದರೆ ಕೊಟ್ಟೆ ಕ್ಷಮಿಸಿ ಅನ್ನಬೇಡ, ನೀನೇನು ಕಳ್ಳಿಯಾ? ಇನ್ನೊಂದು. ಊರು, ಕೋವಿಲು, ಜಾತಿ, ನೆಂಟಸ್ತನ ಯಾವುದನ್ನೂ ಫೋನಲ್ಲಿ ತೆಗೀಬಾರದು. ಎಲ್ಲ ರೆಕಾರ್ಡ್ ಆಗುತ್ತೆ. ಒಂದು ಕಂಪನಿಗೆ ಎಂಟೇ ಸಲ ಕರೆಯೋದು. ಎಂಟಕ್ಕೂ ಆಗದಿದ್ದರೆ ಆ ನಂಬರ್ ತೆಗೆದುಹಾಕ್ತೀನಿ."

ನಾನು ತಲೆಯಾಡಿಸಿ ಲಿಸ್ಟ್ ನೋಡುತ್ತಾ ಹೋದೆ. ದಿಂಡಿಗಲ್ಲಿನ ಮಿಲ್ಲುಗಳು, ಬತ್ತಲಗುಂಡಿನ ಬಾಳೆಕಾಯಿ ಮಂಡಿಗಳು, ಎಲ್ಲ ಹೆಸರೂ ನನ್ನನ್ನು ನುಂಗಲು ಕಾದಿದ್ದವು. ಆಗ ಕಣ್ಣಿಗೆ ಬಿತ್ತು: ಶ್ರೀ ಕೆಂಚಮ್ಮಾಳ್ ಟ್ರೇಡರ್ಸ್, ಒಡ್ಡನ್‌ಛತ್ರಂ. ಉಸಿರು ಬಂತು.

ನಾವು ಕಂಬಂ ಕಡೆಯ ಕನ್ನಡದವರು. ಯಾವ ಕಾಲದಲ್ಲೋ ದನಕರು ಹೊಡೆದುಕೊಂಡು ಬಂದು ಈ ಕಣಿವೆಯಲ್ಲಿ ನಿಂತವರು. ಹೊಸಿಲಿನ ಒಳಗೆ ಕನ್ನಡ, ದಾಟಿದರೆ ತಮಿಳು. ಅಪ್ಪ ಹಿರಿಮಗಳಿಗೆ ತಮಿಳರಸಿ ಎಂದು ಆಸೆಯಿಂದ ಹೆಸರಿಟ್ಟು, ಬಯ್ಯುವುದನ್ನು ಮಾತ್ರ ಕನ್ನಡದಲ್ಲೇ ಇಟ್ಟುಕೊಂಡಿದ್ದಾನೆ. ನಮ್ಮಲ್ಲಿ ಒಂದೊಂದು ಕುಲಕ್ಕೂ ಒಂದೊಂದು ದೇವಿ, ಒಂದೊಂದು ಕೋವಿಲು. ಒಂದೇ ಕೋವಿಲಿನವರು ಎಲ್ಲೇ ಹುಟ್ಟಿರಲಿ, ಮುಖವನ್ನೇ ನೋಡದಿರಲಿ, ಅಣ್ಣ ತಂಗಿಯರು. ನಮ್ಮ ದೇವಿ ಕೆಂಚಮ್ಮ. ಹೊರಗಿನವರಾರೂ ಆ ಹೆಸರಿಡುವುದಿಲ್ಲ. ಅಂಗಡಿಯ ಬೋರ್ಡ್ ನೋಡಿ ಇವರು ನಮಗೆ ಏನಾಗಬೇಕು ಎಂದು ಲೆಕ್ಕ ಹಾಕುವುದು ನಮಗೆ ಹುಟ್ಟಿನಿಂದ ಬಂದ ಬುದ್ಧಿ. ಕೆಂಚಮ್ಮಾಳ್ ಟ್ರೇಡರ್ಸ್ ನಡೆಸುವವನು ನನಗೆ ಅಣ್ಣ. ಅಣ್ಣ ಆದವನು ತಂಗಿಯನ್ನು ಕಚ್ಚಿ ತಿನ್ನುತ್ತಾನಾ?

ಎದ್ದು ನಿಂತೆ. ನಂಬರ್ ಒತ್ತಿದೆ.

"ವಣಕ್ಕಂ ಅಣ್ಣಾ! ತೇನಿಯಿಂದ ತಮಿಳರಸಿ ಮಾತಾಡ್ತಿದ್ದೀನಿ. ನಿಮ್ಮ ತರಕಾರಿ ಮೂರು ದಿನ ಹೆಚ್ಚು..." ಎಂದು ತಮಿಳಿನಲ್ಲಿ ಜೋರಾಗಿಯೇ ಶುರುಮಾಡಿದೆ. ಮುಂದಿನದು ತಲೆಯಿಂದ ಹಾರಿಹೋಯಿತು. ಒಂದು ಅಕ್ಷರ ಇಲ್ಲ. ಫೋನನ್ನು ಕೊಂಚ ದೂರ ಹಿಡಿದು, ಮನೆಯ ಕನ್ನಡದಲ್ಲಿ ನನಗೆ ನಾನೇ ಗೊಣಗಿಕೊಂಡೆ. "ಅಯ್ಯೋ ಕೆಟ್ಟೆನಲ್ಲವ್ವಾ, ಮರ್ತೇ ಓಯ್ತು."

ಆ ಕಡೆ ಸದ್ದಿಲ್ಲ. ಕಟ್ ಮಾಡಿದ ಎಂದುಕೊಂಡೆ.

"ಮರ್ತ್ರೆ ಏನಾಯ್ತು? ಕಾಗಿತ ನೋಡ್ಕಂಡು ಪೇಸು," ಎಂದಿತು ಒಂದು ಗಂಡು ದನಿ. ಕನ್ನಡ. ಮಾತಾಡು ಎನ್ನುವುದಕ್ಕೆ ಪೇಸು ಎನ್ನುವ ನಮ್ಮದೇ ಕನ್ನಡ. ದನಿಯಲ್ಲಿ ನಗು ಒತ್ತಿಹಿಡಿದದ್ದು ತಿಳಿಯುತ್ತಿತ್ತು.

ನಾನು ಕಾಗದ ನೋಡಿಕೊಂಡು ಕೊನೆಯವರೆಗೂ ಓದಿದೆ. ಅವನು ಅಡ್ಡ ಬಾಯಿ ಹಾಕದೆ ಕೇಳಿದ.

"ನನ್ನ ಹೆಸ್ರು ಜೆಯರಾಜ್. ಮಂಡಿ ನಾನೇ ನೋಡ್ಕಳದು. ನಮ್ಗೆ ಕೋಲ್ಡ್ ರೂಮ್ ಬ್ಯಾಡ, ನುಗ್ಗೇಕಾಯಿ ಬಂದ ದಿನವೇ ಕೇರಳಕ್ಕೆ ಓಗ್ತದೆ. ಆದ್ರೆ ನೀನ್ ಓದಿದ್ದು ಚೆನ್ನಾಗಿತ್ತು."

"ಹಂಗಾದ್ರೆ ಮುಂದಿನ ವಾರ ಕರೀಲಾ ಅಣ್ಣಾ?"

"ಮುಂದಿನ ವಾರವೂ ಬ್ಯಾಡಾಂತ್ಲೇ ಅನ್ನೋದು."

"ಪರವಾಯಿಲ್ಲ. ಅನ್ನಿ."

ಫೋನಿಟ್ಟವಳು ಕೂರಲಿಲ್ಲ. ಅದೇ ಬಿಸಿಯಲ್ಲಿ ಇನ್ನೂ ಆರು ಕಡೆ ಕರೆದೆ. ಐವರು ಬೇಡ ಅಂದರು. ಬತ್ತಲಗುಂಡಿನ ಬಾಳೆ ಮಂಡಿಯವರು ಮಂಗಳವಾರ ಬನ್ನಿ ಅಂದರು. ನನ್ನ ಮೊದಲ ಮೀಟಿಂಗು.

*

ಎರಡನೇ ಸಲ ಕರೆದಾಗ ಅವನು ಕೋಲ್ಡ್ ರೂಮಿನ ಮಾತು ಎತ್ತಲು ಬಿಡಲೇ ಇಲ್ಲ.

"ಈಗ ನಾನು ದಿಂಡಿಗಲ್ಲಿನ ದೊಡ್ಡ ಕಂಪನಿ ಮ್ಯಾನೇಜರು. ಭಾರೀ ಕೋಪದೋನು. ಪೇಸು ನೋಡಾಣ," ಎಂದವನೇ ದನಿ ಗಡುಸು ಮಾಡಿ ತಮಿಳಿಗೆ ತಿರುಗಿದ. "ಯಾರಮ್ಮ ನೀನು? ಈ ನಂಬರ್ ಯಾರು ಕೊಟ್ಟರು?"

"ಅದು... ಸಾರ್... ತಪ್ಪಾಯ್ತು ಸಾರ್..."

"ಸೋತೆ! ಏನ್ ತಪ್ಪು ಮಾಡ್ದೆ ನೀನು? ತಿರ್ಗಾ."

ಮೂರು ಸಲ ಸೋತೆ. ನಾಲ್ಕನೆಯದಕ್ಕೆ ರೋಷ ಬಂತು. "ನಂಬರ್ ನಿಮ್ಮ ಬೋರ್ಡಿನ ಮೇಲೇ ಇದೆ ಸಾರ್. ಜನ ಕರೀಲಿ ಅಂತ ತಾನೆ ಬರೆಸಿದ್ದೀರಿ? ಹತ್ತು ನಿಮಿಷ ನಮ್ಮ ಇಂಜಿನಿಯರಿಗೆ ಕೊಡಿ. ಇಷ್ಟ ಆಗದಿದ್ದರೆ ನಾನು ಮತ್ತೆ ಕರೆಯಲ್ಲ," ಎಂದೆ ಒಂದೇ ಉಸಿರಿಗೆ.

ಆ ಕಡೆಯಿಂದ ಮೆಲ್ಲಗೆ ಕನ್ನಡದಲ್ಲಿ, "ಕರೆಯಲ್ಲ ಅನ್ನೋದ ಮಾತ್ರ ತೆಗ್ದುಬುಡು. ಬಾಕಿ ಎಲ್ಲಾ ಸೆರಿ."

ಏಕೋ ಕಿವಿ ಬೆಚ್ಚಗಾಯಿತು. ಫೋನು ಬಿಸಿಯಾಗಿರಬೇಕು ಎಂದುಕೊಂಡೆ. ಎಂಥ ಪೆದ್ದಿ ನಾನು.

ವಾರಕ್ಕೊಂದು ಕಾಲ್. ಗುರುವಾರ ಬೆಳಗ್ಗೆ ಹನ್ನೊಂದಕ್ಕೆ, ಅವನ ಲಾರಿಗಳು ಹೊರಟ ಮೇಲೆ. ಪ್ರತಿಸಲವೂ "ಮೀಟಿಂಗ್ ಕೊಡ್ತೀರಾ ಅಣ್ಣಾ?" ಎಂದು ಕೇಳುತ್ತಿದ್ದೆ, ಪ್ರತಿಸಲವೂ "ಬ್ಯಾಡ" ಎನ್ನುತ್ತಿದ್ದ. ಆ ಎರಡು ಮಾತಿನ ನಡುವೆ ಎಷ್ಟು ಮಾತು ಹಿಡಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೆಣಸಿನಕಾಯಿ ಮೂಟೆ ಬಿಚ್ಚಿದ ದಿನ ಅವನು ಏಳು ಸಲ ಸೀನಿದ, ನಾನು ಎಣಿಸಿದೆ. ನಾನು ದಿಂಡಿಗಲ್ಲಿನ ರಿಸೆಪ್ಷನಿಸ್ಟ್ ಒಬ್ಬಳ ಹತ್ತಿರ ಬೈಸಿಕೊಂಡ ದಿನ, ಅವಳ ದನಿಯನ್ನು ಅಣಕಿಸಿ ಅವನು ನನ್ನ ನಗಿಸಿದ. ಒಂದು ದಿನ ನನ್ನ ದನಿ ಕೇಳಿದ್ದೇ, "ಇನ್ನೂ ಉಂಡಿಲ್ವಾ? ಓಗು, ಕೂಳು ಉಂಡು ಬಂದು ಕರಿ. ಬ್ಯಾಡಾನ್ನಾಕೆ ನಾನು ಇಲ್ಲೇ ಇರ್ತೀನಿ," ಎಂದ. ಅವ್ವನನ್ನು ಬಿಟ್ಟರೆ ಬೇರೆ ಯಾರೂ ನನ್ನ ಹಸಿವನ್ನು ದನಿಯಲ್ಲಿ ಹಿಡಿದವರಿಲ್ಲ.

ಅವನಿಂದ ನನ್ನ ಫೋನ್ ಕಾಲ್‌ಗಳು ಸುಧಾರಿಸಿದವು. ಗೇಟಿನ ಸೆಕ್ಯೂರಿಟಿ ಫೋನೆತ್ತಿದರೂ ಹೆದರದೆ ಮಾಲೀಕರ ಹೆಸರು ಹೇಳಿ ಕೇಳುವುದನ್ನು ಕಲಿತೆ. ಬೇಡ ಎಂದವರಿಗೆ ಥ್ಯಾಂಕ್ಸ್ ಹೇಳಿ, ನೀರು ಕುಡಿದು, ಮುಂದಿನ ನಂಬರ್ ಒತ್ತುವುದನ್ನು ಕಲಿತೆ. ವಾರಕ್ಕೆ ನಾಲ್ಕು ಮೀಟಿಂಗು ಬರತೊಡಗಿದವು. ಮನೋಜ್‌ಕುಮಾರ್ ಕಾರಿನ ಟೈರು ಸವೆಯುತ್ತಿದೆ ಎಂದು ತಮಾಷೆ ಮಾಡಿದ.

ಐದನೇ ಕಾಲ್ ಆದ ಸಂಜೆ, ತೇನಿಯಿಂದ ಕಂಬಂಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಗಾಜಿನಲ್ಲಿ ನನ್ನ ಮುಖ ಕಂಡೆ. ನಗುತ್ತಿತ್ತು. ಒಬ್ಬಳೇ ಕೂತು ನಗುತ್ತಿದ್ದೇನೆ. ಯಾಕೆ ನಗುತ್ತಿದ್ದೇನೆ ಎಂದು ಕೇಳಿಕೊಂಡಾಗ ಉತ್ತರ ತಟ್ಟನೆ ಬಂತು, ಅದರ ಹಿಂದೆಯೇ ಇನ್ನೊಂದೂ ಬಂತು.

ಅವನು ನನಗೆ ಅಣ್ಣ.

ಕೆಂಚಮ್ಮನ ಮಗ. ನಮ್ಮ ಪಂಗಾಳಿ, ದಾಯಾದಿ. ಥೂ, ಎಂಥ ಹೆಣ್ಣು ನಾನು! ಬಸ್ಸು ಉತ್ತಮಪಾಳಯಂ ದಾಟುವವರೆಗೂ ತಲೆ ಎತ್ತಲಿಲ್ಲ. ಪಕ್ಕದ ಹೆಂಗಸಿಗೆ ನನ್ನ ಮನಸ್ಸು ಕೇಳಿಸಿಬಿಡುತ್ತದೆ ಎನ್ನುವ ಹಾಗೆ ಬ್ಯಾಗನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ.

ಮನೆಯಲ್ಲಿ ಅವ್ವ ಚಿನ್ನತಾಯಿ ಒಲೆಯ ಮುಂದೆ ಇದ್ದಳು.

"ಅವ್ವಾ, ಒಂದೇ ಕೋವಿಲೋರು ಒಬ್ರನ್ನೊಬ್ರು ಕಟ್ಕಂಡ್ರೆ ಏನಾಗ್ತದೆ?"

ಅವ್ವನ ಸೌಟು ನಿಂತಿತು. "ಯಾರು? ಯಾರು ಕಟ್ಕಂಡದ್ದು?"

"ಸುಮ್ನೆ ಕೇಳ್ದೆ. ಟಿವಿಲಿ ಬಂತು."

"ಕೂಡ ಹುಟ್ಟಿದೋನ್ನ ಕಟ್ಕಂಡಂಗೆ ಅದು. ಅವ್ರ ಮನೇಲಿ ಯಾರೂ ನೀರು ಕುಡಿಯಲ್ಲ. ಮೊದ್ಲು ಆ ಟಿವಿ ಆರ್ಸು," ಎಂದಳು ಅವ್ವ. ಟಿವಿ ಹಾಕಿಯೇ ಇರಲಿಲ್ಲ.

ಯಾರಾದರೂ ಕೇಳಬಹುದು, ಬರೀ ಅಂಗಡಿಯ ಹೆಸರು ನೋಡಿ ತೀರ್ಮಾನ ಮಾಡಿದೆಯಲ್ಲ, ಅವನನ್ನೇ ಕೇಳಬಾರದಿತ್ತೇ ಎಂದು. ಕೇಳುವುದು ಅಷ್ಟು ಸುಲಭವಲ್ಲ. ನಮ್ಮಲ್ಲಿ ಮದುವೆಯಾಗದ ಗಂಡು ಮದುವೆಯಾಗದ ಹೆಣ್ಣನ್ನು "ನೀವು ಯಾವ ಕೋವಿಲು" ಎಂದು ಕೇಳಿದರೆ ಅದು ಹೆಣ್ಣು ಕೇಳಿದ ಹಾಗೆಯೇ. ಆ ಮಾತನ್ನು ಹಿರಿಯರು ಆಡಬೇಕು, ಇಲ್ಲ ಗಂಡು ಧೈರ್ಯ ಮಾಡಬೇಕು. ಹೆಣ್ಣು ಬಾಯಿಬಿಟ್ಟು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಅವನೂ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಮೇಡಂ ರೆಕಾರ್ಡ್ ನೆನೆದು ನಾನು ಉತ್ತರ ಕೊಡುತ್ತಿದ್ದೆನೋ ಇಲ್ಲವೋ. ಇನ್ನೂ ನಿಜ ಹೇಳಬೇಕೆಂದರೆ ಭಯ. "ನಾವು ಕೆಂಚಮ್ಮ" ಎಂಬ ಎರಡು ಪದ ಅವನ ಬಾಯಿಂದ ಬಂದರೆ ಮುಗಿಯಿತು. ಆಡದೆ ಇರುವವರೆಗೆ ಇನ್ನೊಂದು ವಾರ ಸಿಕ್ಕುತ್ತದಲ್ಲ ಎಂದು ಸುಮ್ಮನಿದ್ದೆ.

ಆದರೆ ವಾರಗಳು ಎಂಟೇ.

*

"ಇದು ಏಳನೇದು ಅಲ್ವಾ?" ಎಂದು ಅವನೇ ಕೇಳಿದ. ಎಂಟರ ಲೆಕ್ಕ ಅವನಿಗೆ ಹೇಳಿದ್ದೆ.

"ಆಮಾ."

"ಎಂಟನೇದಕ್ಕೆ ಏನ್ ಹೇಳ್ಲಿ? ಬಾ ಅಂದ್ರೆ ನಿಮ್ಮ ಇಂಜಿನಿಯರ್ ಬತ್ತಾರೆ, ನೀನು ಕರೆಯಲ್ಲ. ಬ್ಯಾಡ ಅಂದ್ರೆ ನಂಬರ್ ತೆಗ್ದಾಕ್ತಾರೆ, ಆಗ್ಲೂ ನೀನು ಕರೆಯಲ್ಲ."

ನನ್ನ ಸ್ವಂತ ನಂಬರ್ ಕೊಡಬಹುದಿತ್ತು. ಆದರೆ ಅದು ಆಫೀಸಿನ ಮಾತಾಗಿ ಉಳಿಯುವುದಿಲ್ಲ. ಅಣ್ಣನಿಗೆ ಕದ್ದು ನಂಬರ್ ಕೊಟ್ಟವಳು ಎಂದು ನನ್ನ ಮನಸ್ಸೇ ನನ್ನನ್ನು ಉಗಿಯುತ್ತಿತ್ತು.

"ನಿಮ್ಮ ಇಷ್ಟ ಅಣ್ಣಾ," ಎಂದೆ.

"ಆ ಅಣ್ಣಾ ಅನ್ನೋದ..." ಎಂದು ಶುರುಮಾಡಿ ನಿಲ್ಲಿಸಿದ.

"ಏನು?"

"ಏನಿಲ್ಲೆ. ಲಾರಿ ಬಂತು."

ಲಾರಿ ಬಂದಿರಲಿಲ್ಲ. ಲಾರಿಯ ಸದ್ದು ಹೇಗಿರುತ್ತದೆ ಎಂದು ಏಳು ವಾರದಲ್ಲಿ ನನಗೆ ಗೊತ್ತಾಗಿತ್ತು.

ಆ ವಾರವಿಡೀ ಊಟ ಸೇರಲಿಲ್ಲ. ಎಂಟನೇ ಕಾಲ್‌ನಲ್ಲಿ ಏನು ಹೇಳಬೇಕೆಂದು ಹತ್ತು ರೀತಿ ಬರೆದು ಹರಿದುಹಾಕಿದೆ. ಕೊನೆಗೆ ಆ ಬೆಳಗ್ಗೆ ನಂಬರ್ ಒತ್ತುವ ಹೊತ್ತಿಗೆ ಸರಿಯಾಗಿ ಕಲೈಸೆಲ್ವಿ ಮೇಡಂ ಕುರ್ಚಿ ಎಳೆದುಕೊಂಡು ಪಕ್ಕ ಕೂತರು. ಇನ್ನೊಂದು ಇಯರ್‌ಫೋನ್ ಕಿವಿಗೆ ಹಾಕಿಕೊಂಡರು.

"ತಿಂಗಳ ಕೊನೆ. ನಿನ್ನ ಕಾಲ್ ಚೆಕ್ ಮಾಡಬೇಕು. ಮಾಡು."

ಎದ್ದು ನಿಂತೆ.

"ವಣಕ್ಕಂ ಸಾರ್. ತೇನಿಯಿಂದ ತಮಿಳರಸಿ ಮಾತಾಡ್ತಿದ್ದೀನಿ," ಎಂದೆ ಶುದ್ಧ ತಮಿಳಿನಲ್ಲಿ.

ಆ ಕಡೆ ಅವನ ಉಸಿರು ನಿಂತದ್ದು ಕೇಳಿಸಿತು. ಅಣ್ಣಾ ಇಲ್ಲ, ಕನ್ನಡ ಇಲ್ಲ, ನಗು ಇಲ್ಲ. ನಾನು ಕಲಿತದ್ದನ್ನೆಲ್ಲ ಒಂದೂ ತಪ್ಪದೆ ಹೇಳಿದೆ. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ನನಗೇ ಅಸಹ್ಯವಾಯಿತು. ಕೊನೆಗೆ, "ನಮ್ಮ ಇಂಜಿನಿಯರ್ ಯಾವತ್ತು ಬರಲಿ ಸಾರ್?" ಎಂದೆ.

"ಮುಂದಿನ ಗುರುವಾರ ಹನ್ನೊಂದಕ್ಕೆ ಬರಲಿ," ಎಂದ ಅವನೂ ತಮಿಳಿನಲ್ಲಿ. "ಇಷ್ಟು ದಿನ ಕರೆದದ್ದಕ್ಕೆ ಥ್ಯಾಂಕ್ಸ್ ಮೇಡಂ."

ಮೇಡಂ! ಫೋನು ಇಟ್ಟೆ. ಕಲೈಸೆಲ್ವಿಯವರು ಚಪ್ಪಾಳೆ ತಟ್ಟಿದರು. "ಇದು ಕಾಲ್ ಅಂದರೆ! ಇವತ್ತಿಂದ ನಿನ್ನ ಕೆಲಸ ಪರ್ಮನೆಂಟ್ ಅಂದ್ಕೋ."

ನಾನು ಜೋರಾಗಿ ಅತ್ತುಬಿಟ್ಟೆ. ಕೆಳಗಿನ ಬೇಕರಿಯವರಿಗೂ ಕೇಳಿಸಿರಬೇಕು.

ಮೇಡಂ ಇಯರ್‌ಫೋನ್ ತೆಗೆದು ನಿಧಾನವಾಗಿ ವೈರು ಸುತ್ತಿದರು. "ರೆಕಾರ್ಡಿಂಗ್ ಕೇಳೋದು ನನ್ನ ಕೆಲಸ ಕಣೆ. ನಿಮ್ಮ ಕನ್ನಡ ನನಗೆ ಒಂದು ಅಕ್ಷರ ಅರ್ಥವಾಗಲ್ಲ. ನಗು ಅರ್ಥವಾಗುತ್ತೆ. ಏಳು ವಾರದಿಂದ ಕೇಳ್ತಾ ಇದ್ದೀನಿ. ಗುರುವಾರ ಮನೋಜ್ ಜೊತೆ ನೀನೂ ಹೋಗು. ಯಾರಾದರೂ ಕೇಳಿದರೆ ಟ್ರೈನಿಂಗ್ ಅನ್ನು."

"ಬೇಡ ಮೇಡಂ. ಅವರು ನಮಗೆ ಅಣ್ಣನ ಸಂಬಂಧ. ಒಂದೇ ಕೋವಿಲು."

"ಅವನು ಹಾಗಂತ ಹೇಳಿದನಾ?"

"ಬೋರ್ಡ್ ಮೇಲೇ ಇದೆ."

"ನಮ್ಮ ಬೋರ್ಡಿನ ಮೇಲೆ ದಕ್ಷಿಣ ಭಾರತದ ನಂಬರ್ ಒನ್ ಅಂತ ಇದೆ," ಎಂದು ಮೇಡಂ ಎದ್ದುಹೋದರು.

*

ಗುರುವಾರ ಪೆರಿಯಕುಳಂ, ಬತ್ತಲಗುಂಡು, ಸೆಂಪಟ್ಟಿ, ದಾರಿಯುದ್ದಕ್ಕೂ ಮನೋಜ್‌ಕುಮಾರ್ ಕ್ರಿಕೆಟ್ಟಿನ ಬಗ್ಗೆ ಮಾತಾಡಿದ. ನಾನು ಹೂಂ ಅಂದೆ. ಬತ್ತಲಗುಂಡಿನಲ್ಲಿ ಕಾಫಿ ಕುಡಿಸಿದ, ಅರ್ಧ ಬಿಟ್ಟೆ. ಒಂದೇ ಒಂದು ಸಲ ನೋಡುತ್ತೇನೆ, ವಣಕ್ಕಂ ಹೇಳುತ್ತೇನೆ, ವಾಪಸ್ಸು ಬರುತ್ತೇನೆ. ಅಣ್ಣನನ್ನು ನೋಡುವುದರಲ್ಲಿ ತಪ್ಪೇನಿಲ್ಲ. ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮಂಡಿಯ ಬಾಗಿಲಲ್ಲಿ ನುಗ್ಗೇಕಾಯಿ ಕಟ್ಟುಗಳ ರಾಶಿ. ಒಳಗೆ ಮೇಜು, ತಕ್ಕಡಿ. ಮೇಜಿನ ಮೇಲಿನ ಗೋಡೆಯಲ್ಲಿ ಚೆಂಡುಹೂವಿನ ಹಾರ ಹಾಕಿದ ಕೆಂಚಮ್ಮನ ಪಟ. ನಮ್ಮ ಮನೆಯಲ್ಲಿರುವುದೇ, ಅದೇ ಕೆಂಪು ಸೀರೆ, ಅದೇ ಮೂಗುತಿ. ಕೊನೆಯದಾಗಿ ಎಲ್ಲೋ ಉಳಿದಿದ್ದ ಒಂದು ಚೂರು ಆಸೆ ಅಲ್ಲೇ ಸತ್ತಿತು.

"ವಾಂಗ ಸಾರ್," ಎಂದು ಬರಮಾಡಿಕೊಳ್ಳುತ್ತಾ ಒಬ್ಬ ಒಳಗಿನಿಂದ ಬಂದ. ಫೋನಿನ ದನಿ ಕೇಳಿ ಎತ್ತರದ, ಮೀಸೆಯ ಮನುಷ್ಯ ಎಂದುಕೊಂಡಿದ್ದೆ. ಇವನು ಸಣ್ಣಗೆ, ಕನ್ನಡಕ ಹಾಕಿಕೊಂಡು, ಅಂಗಿಯ ತೋಳಿಗೆ ಅಂಟಿದ್ದ ಎಲೆಯನ್ನು ಕೊಡವಿಕೊಳ್ಳುತ್ತಿದ್ದ. ಮನೋಜ್‌ನ ಕೈ ಕುಲುಕಿದ. ಆಮೇಲೆ ನನ್ನ ಕಡೆ ನೋಡಿದ. ಯಾರು ಎಂದು ಕೇಳುವ ನೋಟ ಅದು.

"ವಣಕ್ಕಂ," ಎಂದೆ. ಅಷ್ಟೇ.

ಕನ್ನಡಕ ತೆಗೆದ. ಅಂಗಿಯ ಅಂಚಿನಲ್ಲಿ ಒರೆಸಿದ. ಹಾಕಿಕೊಂಡು ಮತ್ತೆ ನೋಡಿದ. ಕಿವಿಯಿಂದ ಶುರುವಾಗಿ ಮುಖವೆಲ್ಲ ಕೆಂಪಾಯಿತು. ನನ್ನ ಕಣ್ಣು ಅವನ ಚಪ್ಪಲಿಗೆ ಇಳಿಯಿತು. ಅಲ್ಲಿಂದ ಮೇಲಕ್ಕೆ ಬರಲು ಒಪ್ಪಲಿಲ್ಲ.

ಮನೋಜ್ ಟೇಪು ತೆಗೆದು ಹಿಂದಿನ ಶೆಡ್ಡಿನ ಅಳತೆಗೆ ಹೋದ. ನುಗ್ಗೇಕಾಯಿ ವಿಂಗಡಿಸುತ್ತಿದ್ದ ಒಬ್ಬ ಹೆಂಗಸನ್ನು ಬಿಟ್ಟರೆ ನಾವಿಬ್ಬರೇ ಉಳಿದೆವು.

"ಉಂಡು ಬಂದ್ಯಾ?" ಎಂದ ಕನ್ನಡದಲ್ಲಿ.

"ಇಲ್ಲೆ."

"ಗೊತ್ತಾಯ್ತು. ದನೀಲೆ." ತಕ್ಕಡಿಯನ್ನು ಅತ್ತ ಇತ್ತ ಸರಿಸಿದ. "ನಿಜ ಹೇಳ್ಬುಡ್ತೀನಿ. ಕೋಲ್ಡ್ ರೂಮ್ ಬೇಕು ಅಂತ ನಾನು ಎರಡನೇ ವಾರವೇ ತೀರ್ಮಾನ ಮಾಡಿದ್ದೆ. ಮೆಣಸಿನಕಾಯಿ, ಟೊಮ್ಯಾಟೋಕೆ ಬೇಕೇಬೇಕು. ಬಾ ಅಂದ್ರೆ ನೀನು ಕರೆಯಾದ್ ನಿಂತೋಗ್ತದಲ್ಲ ಅಂತ ಬ್ಯಾಡ ಬ್ಯಾಡ ಅಂತಿದ್ದೆ. ಗುರುವಾರ ಯಾವಾಗ ಬತ್ತದೆ ಅಂತ ಕಾಯ್ತಿದ್ದೆ. ಇದು ಬ್ಯಾವಾರ ಅಲ್ಲ ತಮಿಳರಸಿ."

ಎಷ್ಟು ವಾರದಿಂದ ಕೇಳಬೇಕೆಂದಿದ್ದ ಮಾತು! ಕೇಳಿ ಮುಗಿಯುವ ಮೊದಲೇ ನಾನು ಅಳುತ್ತಿದ್ದೆ.

"ಹಂಗೆಲ್ಲ ಹೇಳ್ಬ್ಯಾಡಿ ಅಣ್ಣಾ. ಪಾಪ ಸುತ್ಕಳ್ತದೆ."

ಅವನ ಮುಖ ಸಪ್ಪಗಾಯಿತು. "ಸೆರಿ," ಎಂದ. "ನಾನೇ ತಪ್ಪು ತಿಳ್ಕಂಡೆ. ಮನಸ್ಸಲ್ಲಿ ಇಟ್ಕಬ್ಯಾಡ. ಇಂಜಿನಿಯರ್ ಏನ್ ಹೇಳ್ತಾರೆ ಕೇಳ್ತೀನಿ." ಶೆಡ್ಡಿನ ಕಡೆ ಹೊರಟ.

ಅವನು ಆ ಬಾಗಿಲು ದಾಟಿದರೆ ಕತೆ ಮುಗಿಯಿತು. ಮನೋಜ್ ಬರುತ್ತಾನೆ, ಕಾರು ಹೊರಡುತ್ತದೆ, ನನ್ನ ಲಿಸ್ಟಿನಲ್ಲಿ ಈ ಹೆಸರು ಇರುವುದಿಲ್ಲ. ಬೋರ್ಡ್ ಹೇಳಿತು, ಪಟ ಹೇಳಿತು. ಅವನ ಬಾಯಿಂದ ಮಾತ್ರ ಕೇಳಿಲ್ಲ. ದಿನಕ್ಕೆ ನಲವತ್ತು ಜನರಿಂದ ಬೇಡ ಅನ್ನಿಸಿಕೊಳ್ಳುವವಳು ನಾನು, ಇವನೊಬ್ಬನಿಂದ ಅನ್ನಿಸಿಕೊಳ್ಳಲು ಹೆದರಿ ಓಡಿಹೋಗಲಾ?

"ಒಂದ್ ನಿಮ್ಷ," ಎಂದೆ. ದನಿ ಒಡೆಯಿತು. ಬೆನ್ನು ನೆಟ್ಟಗೆ ಮಾಡಿಕೊಂಡು ಇನ್ನೊಮ್ಮೆ ಜೋರಾಗಿ ಹೇಳಿದೆ. "ನೀವು ಯಾವ ಕೋವಿಲು?"

ನುಗ್ಗೇಕಾಯಿ ಹೆಂಗಸಿನ ಕೈ ನಿಂತಿತು. ಅವಳಿಗೆ ಕನ್ನಡ ಬರುತ್ತಿತ್ತು ಎಂದು ಆಗ ತಿಳಿಯಿತು.

ಅವನು ತಿರುಗಿದ. "ಏನ್ ಕೇಳ್ತಾ ಇದೀಯ ಅಂತ ನಿಂಗೆ ಗೊತ್ತಾ?"

"ಗೊತ್ತು."

ಈ ಸಲ ಕಣ್ಣು ಕೆಳಗಿಳಿಸಲಿಲ್ಲ.

"ದೊಡ್ಡೀರಮ್ಮ," ಎಂದ.

ಬೇರೆ ಕುಲದ ದೇವಿ, ಬೇರೆ ಕೋವಿಲು ಎಂದು ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. "ದೊಡ್ಡೀರಮ್ಮನಾ? ಮತ್ತೆ ಇದು?" ಎಂದು ಗೋಡೆಯ ಪಟ ತೋರಿಸಿದೆ. "ಬೋರ್ಡ್ ಮೇಲೆ ಕೆಂಚಮ್ಮಾಳ್ ಅಂತ ಹಾಕ್ಕಂಡು, ಪಟ ಇಟ್ಕಂಡು, ನೀವು ದೊಡ್ಡೀರಮ್ಮನಾ?"

"ಅದು ನಮ್ಮವ್ವನ ತೌರುಮನೆ ದೇವ್ರು. ಮಂಡಿ ತಾತಂದು. ಗಂಡ್ಮಕ್ಳು ಇರ್ಲಿಲ್ಲ, ಅವ್ವನಿಗೆ ಬುಟ್ಟೋದ್ರು. ಹೆಸ್ರು ಬದಲಾಯಿಸ್ಬಾರ್ದು ಅಂತ ಮಾತು ತಗಂಡಿದ್ರು." ಅವನು ಹೇಳುತ್ತಲೇ ನನ್ನ ಮುಖ ನೋಡಿದ. "ನೀನು... ನೀನು ಕೆಂಚಮ್ಮನಾ? ಅದ್ಕಾ ನನ್ನ ಅಣ್ಣಾ ಅಂತಿದ್ದದ್ದು?"

ತಲೆಯಾಡಿಸಿದೆ.

"ಅಡಿ ಪಾಪಿ! ನಾನು ಏಳು ವಾರ ಸತ್ತು ಸುಣ್ಣ ಆದೆ. ನಿನ್ಗೆ ನನ್ನ ಮೇಲೆ ಏನೂ ಇಲ್ಲ, ಅದ್ಕೇ ಅಷ್ಟು ಗಟ್ಟಿಯಾಗಿ ಅಣ್ಣಾ ಅಂತಾಳೆ ಅಂತ."

"ನಾನು ಮಾತ್ರ ಸುಖವಾಗಿದ್ನಾ?" ಎಂದೆ. ಅಳುವೂ ನಗುವೂ ಒಟ್ಟಿಗೆ ಬಂದು ಮೂಗೆಲ್ಲ ನೀರಾಯಿತು. "ಅಣ್ಣನ ಮೇಲೆ ಆಸೆ ಪಟ್ಟೋಳು ಅಂತ ನನ್ನ ನಾನೇ ದಿನಾ ಬೈಕಂಡು ಬಸ್ ಹತ್ತಿದ್ದೀನಿ."

"ಏನಂದೆ? ಆಸೇನಾ?"

"ಒಂದ್ಸಲ ಹೇಳಿದ್ದ ತಿರ್ಗಾ ಹೇಳಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಬಾಗಿಲಿನಿಂದ ಮಜ್ಜಿಗೆ ಲೋಟಗಳ ತಟ್ಟೆ ಹಿಡಿದು ದಪ್ಪಗಿನ ಒಬ್ಬ ಅಮ್ಮ ಬಂದರು. ಅವನ ಅವ್ವ, ಕಾಮಾಕ್ಷಿಯಮ್ಮಾಳ್. ಎಷ್ಟು ಹೊತ್ತಿನಿಂದ ಬಾಗಿಲ ಹಿಂದೆ ನಿಂತಿದ್ದರೋ, ಮಜ್ಜಿಗೆಯ ನೊರೆ ಆರಿಹೋಗಿತ್ತು. ತಟ್ಟೆಯನ್ನು ಮೇಜಿನ ಮೇಲಿಟ್ಟು ನನ್ನ ಗಲ್ಲ ಹಿಡಿದೆತ್ತಿ ನೋಡಿದರು.

"ಕೆಂಚಮ್ಮನ ಮಗಳಾ ನೀನು? ಕಂಬಂ ಕಡೆಯೋಳಾ?"

"ಆಮಾ."

"ಹಂಗಾದ್ರೆ ನಿಮ್ಮಪ್ಪ ನನ್ಗೆ ಅಣ್ಣನೋ ತಮ್ಮನೋ ಆಗ್ಬೇಕು. ನಾನು ನಿನ್ಗೆ ಅತ್ತೆ." ಆಮೇಲೆ ಮಗನ ಕಡೆ ತಿರುಗಿದರು. "ಅತ್ತೆ ಮಗನ್ನ ಇಡ್ಕಂಡು ಎರಡು ತಿಂಗ್ಳು ಅಣ್ಣಾ ಅಂದವ್ಳೆ, ನೀನೂ ಆಂ ಅಂತ ಇದ್ದೀಯಲ್ಲೋ! ಬಾಯಿ ಇರ್ಲಿಲ್ವಾ ನಿನ್ಗೆ?"

"ಕೇಳಾಕೆ ಭಯವಾಯ್ತವ್ವಾ," ಎಂದ ಅವನು. ದಿಂಡಿಗಲ್ಲಿನ ಕೋಪದ ಮ್ಯಾನೇಜರು ಎಲ್ಲಿಹೋದನೋ.

"ಹೆಣ್ಣು ಕೇಳ್ತು. ಅವ್ಳಿಗಿರೋ ಧೈರ್ಯ ನಿನ್ಗಿಲ್ಲ," ಎಂದು ಕಾಮಾಕ್ಷಿಯಮ್ಮಾಳ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಲೋಟ ಕೈಗಿಟ್ಟು, ತಮ್ಮ ಮೊಬೈಲ್ ತೆಗೆದರು. "ನಿಮ್ಮಪ್ಪನ ನಂಬರ್ ಹೇಳು. ನಾನೇ ಪೇಸ್ತೀನಿ."

ಬಾಯಿ ತೆರೆದೆ. ದಿನವೆಲ್ಲ ನಂಬರ್ ಒತ್ತುವ ನನಗೆ ಅಪ್ಪನ ನಂಬರಿನ ಮೊದಲ ಅಂಕಿಯೂ ನೆನಪಾಗಲಿಲ್ಲ. ಕೊನೆಗೆ ನನ್ನ ಮೊಬೈಲನ್ನೇ ತೆಗೆದು ಮನೆಗೆ ಕರೆದೆ. ರಿಂಗಾಗುತ್ತಿತ್ತು. ಅಪ್ಪ ಏನೆನ್ನುತ್ತಾನೋ, ಅವ್ವ ಎಷ್ಟು ಕೂಗುತ್ತಾಳೋ. ಜೆಯರಾಜ್ ಬಂದು ಕುರ್ಚಿಯ ಪಕ್ಕ ನಿಂತ. ಮುಟ್ಟಲಿಲ್ಲ. ಅವನ ತೋಳಿನಿಂದ ಹಸಿರು ನುಗ್ಗೆಸೊಪ್ಪಿನ ವಾಸನೆ ಬರುತ್ತಿತ್ತು.

ಅವ್ವನೇ ಎತ್ತಿದಳು. "ಏನ್ಲೆ ಈ ಹೊತ್ನಲ್ಲಿ? ಆಪೀಸಲ್ಲಿಲ್ವಾ?"

"ಅವ್ವಾ, ಅಪ್ಪನ ಕರಿ. ಅತ್ತೆ ಪೇಸ್ಬೇಕಂತೆ."

"ಅತ್ತೆನಾ? ನಿನ್ಗೆ ಯಾವ ಅತ್ತೆ ಇದಾಳೆ? ನಿಮ್ಮಪ್ಪನಿಗೆ ಅಕ್ಕತಂಗೀರೇ ಇಲ್ವಲ್ಲ!"

"ಇದಾರೆ," ಎಂದು ನಾನು ಫೋನನ್ನು ಕಾಮಾಕ್ಷಿಯಮ್ಮಾಳ್ ಕೈಗೆ ಕೊಟ್ಟೆ.